ಉಳಿದದ್ದೆಲ್ಲ ನಮ್ಮದು

ಹದಿಮೂರು ಸುತ್ತಿನ ಆಟದಲ್ಲಿ ಎಂಟು ಸುತ್ತು ಮುಗಿಯುವ ಹೊತ್ತಿಗೆ ಬಲ್ಲವರಿಗೆ ಕೊನೆ ಕಂಡುಬಿಟ್ಟಿರುತ್ತದೆ. ಯಾವ ಎಲೆ ಬಿದ್ದಾಯಿತು, ಯಾವುದು ಯಾರ ಕೈಯಲ್ಲಿದೆ ಎಂಬ ಲೆಕ್ಕ ಸರಿಯಿದ್ದರೆ ಉಳಿದ ಐದು ಸುತ್ತು ಆಡುವುದು ಬರೀ ಕೈಕೆಲಸ. ಆಗ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು, ‘ನಾಲ್ಕು ನನಗೆ, ಒಂದು ನಿಮಗೆ’ ಎಂದು ಹೇಳಿ ಆಟ ಮುಗಿಸಬಹುದು. ಬ್ರಿಜ್ ಆಡುವವರು ನಾಲ್ಕು ಕೇಳಿದ್ದನ್ನು ಕ್ಲೈಮ್ ಎನ್ನುತ್ತಾರೆ, ಒಂದು ಬಿಟ್ಟುಕೊಟ್ಟದ್ದನ್ನು ಕನ್ಸೆಷನ್ ಎನ್ನುತ್ತಾರೆ. ಆಟದ ಅತ್ಯಂತ ಸಭ್ಯವಾದ ಗಳಿಗೆ ಇದು. ಜಗಳ ಹುಟ್ಟುವುದೂ ಹೆಚ್ಚಾಗಿ ಇಲ್ಲೇ.

ಈ ಮಾತನ್ನು ನಾನು ಮೊದಲು ಕೇಳಿದ್ದು ಬ್ರಿಜ್‌ನಲ್ಲಲ್ಲ. ನಮ್ಮೂರು ಗೋವಿಂದನಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕು, ಕಿಕ್ಕೇರಿಗೆ ಹತ್ತಿರ. ಹೊರಗಿನವರು ಇಲ್ಲಿಗೆ ಬರುವುದು ಪಂಚಲಿಂಗೇಶ್ವರನ ಗುಡಿ ನೋಡಲು. ಒಂದೇ ಸಾಲಿಗೆ ಐದು ಗರ್ಭಗುಡಿ, ಐದು ಲಿಂಗ, ಹೊಯ್ಸಳರ ಕಾಲದ ಹದಿಮೂರನೆಯ ಶತಮಾನದ ಕೆಲಸ. ಇಂಥ ಊರಲ್ಲಿ ಶಿವರಾತ್ರಿಯ ಜಾಗರಣೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಪೂಜೆ, ಭಜನೆಯ ನಡುವೆ ಕಣ್ಣು ಎಳೆಯತೊಡಗಿದಾಗ ಮನೆಯ ಪಡಸಾಲೆಯಲ್ಲಿ ಒಂದು ಕಡೆ ಚೌಕಾಬಾರದ ಮನೆ ಬರೆಯುತ್ತಿದ್ದರು, ಇನ್ನೊಂದು ಕಡೆ ಇಸ್ಪೀಟು ಕಲೆಸುತ್ತಿದ್ದರು. ದುಡ್ಡಿಗಲ್ಲ, ನಿದ್ದೆ ತಡೆಯುವುದಕ್ಕೆ. ಆಟ ಇಪ್ಪತ್ತೆಂಟು. ಎದುರುಬದುರು ಕೂತವರು ಜೋಡಿ, ಒಬ್ಬೊಬ್ಬರಿಗೆ 8 ಎಲೆ, ಒಟ್ಟು 32. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿದರೆ 28. ನಡುರಾತ್ರಿ ದಾಟಿದ ಮೇಲೆ ಹಿರಿಯರೊಬ್ಬರು ಕೈಯಲ್ಲಿದ್ದ ಎರಡು ಎಲೆಯನ್ನು ಚಾಪೆ ಮೇಲೆ ಹರವಿ, ‘ಸಾಕು ಬಿಡ್ರಪ್ಪ, ಉಳಿದದ್ದೆಲ್ಲ ನಮ್ದು’ ಎನ್ನುತ್ತಿದ್ದರು. ಕೂಡಲೇ ಎದುರಿನವರು, ‘ಹೆಂಗೆ ನಿಮ್ದು? ಒಂದೊಂದೇ ಹೇಳಿ’ ಎಂದು ಹಿಡಿದುಕೊಳ್ಳುತ್ತಿದ್ದರು. ಅವರು ಹೇಳುತ್ತಿದ್ದರು: ‘ತುರುಫಿನ ಗುಲಾಮ ಮೊದಲು. ನಿನ್ನ ಒಂಬತ್ತು ಬೀಳ್ತದೆ. ಆಮೇಲೆ ಆಟೀನು ಎಕ್ಕ, ಗುಲಾಮ ಒಂಬತ್ತು ಎರಡೂ ಹೋಗವೆ.’ ಎದುರಿನವರು ಮನಸ್ಸಿನಲ್ಲೇ ಎಣಿಸಿ, ತಲೆಯಾಡಿಸಿ ಎಲೆ ಒಟ್ಟು ಮಾಡುತ್ತಿದ್ದರು. ‘ಒಂದೊಂದೇ ಹೇಳಿ’ ಎಂದು ಕೇಳಿದ್ದರಲ್ಲಿ ಅವಮಾನ ಇರಲಿಲ್ಲ. ಹೇಳಬೇಕಾದದ್ದು ಕ್ರಮ, ಕೇಳಬೇಕಾದದ್ದು ಹಕ್ಕು.

ಬ್ರಿಜ್ ಕಲಿಸಿದ್ದು ಮೈಸೂರಿನಲ್ಲಿರುವ ಭಾವ. ಈಗ ನಮ್ಮಿಬ್ಬರ ಜೋಡಿ ಆಡುವುದು ಅಂತರ್ಜಾಲದಲ್ಲಿ. ಅವರು ಅಲ್ಲಿಂದ, ನಾನು ಇಲ್ಲಿಂದ. 2001ರಲ್ಲಿ ಫ್ರೆಡ್ ಗಿಟೆಲ್‌ಮನ್ ಶುರುಮಾಡಿದ ಬ್ರಿಜ್ ಬೇಸ್ ಆನ್‌ಲೈನ್‌ನಲ್ಲಿ ಹೊತ್ತಲ್ಲದ ಹೊತ್ತಿನಲ್ಲೂ ನಾಲ್ಕು ಜನ ಸಿಗುತ್ತಾರೆ. 2020ರಲ್ಲಿ ಕೋವಿಡ್ ಬಂದು ಕ್ಲಬ್ಬುಗಳ ಬಾಗಿಲು ಮುಚ್ಚಿದಾಗ ಮೇಜಿನ ಸುತ್ತ ಕೂತು ಆಡಿದವರೆಲ್ಲ ಪರದೆಗೆ ಬಂದರು. ಮತ್ತೆ ಬಾಗಿಲು ತೆರೆದ ಮೇಲೂ ಎಷ್ಟೋ ಜನ ಪರದೆ ಬಿಡಲಿಲ್ಲ. ಹಳ್ಳಿಯಲ್ಲಿರುವ ನನ್ನಂಥವರಿಗಂತೂ ಅದು ಬಿಟ್ಟರೆ ಬೇರೆ ಮೇಜೇ ಇಲ್ಲ.

ಪರದೆಯಲ್ಲಿ ಕ್ಲೈಮ್ ಎನ್ನುವುದು ಒಂದು ಗುಂಡಿ. ಒತ್ತಿ, ಎಷ್ಟು ಟ್ರಿಕ್, ಅಂದರೆ ಎಷ್ಟು ಸುತ್ತಿನ ಗೆಲುವು, ಎಂದು ಸಂಖ್ಯೆ ಆರಿಸಿದರೆ ಆಯಿತು. ಎದುರು ಜೋಡಿಯ ಪರದೆಯಲ್ಲಿ ನಿಮ್ಮ ಎಲೆಗಳು ತೆರೆದುಕೊಳ್ಳುತ್ತವೆ, ಒಪ್ಪಿಗೆಗೆ ಒಂದು ಗುಂಡಿ, ನಿರಾಕರಣೆಗೆ ಒಂದು. ಪಕ್ಕದಲ್ಲಿ ಮಾತು ಬರೆಯಲು ಒಂದು ಸಾಲಿನ ಜಾಗವೂ ಇದೆ. ಬಹಳಷ್ಟು ಜನ ಅದನ್ನು ಖಾಲಿ ಬಿಡುತ್ತಾರೆ. ಕ್ಲೈಮಿನ ಜೀವ ಇರುವುದೇ ಆ ಸಾಲಿನಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಸಂಖ್ಯೆ ಎಂಬುದು ಕೊನೆಯ ಮೊತ್ತ ಮಾತ್ರ. ಅಲ್ಲಿಗೆ ಹೇಗೆ ಹೋಗುತ್ತೀರಿ ಎಂದು ಹೇಳದೆ ಮೊತ್ತವನ್ನಷ್ಟೇ ಮುಂದಿಟ್ಟರೆ, ಎದುರಿನವರು ಒಂದೋ ಕಣ್ಣುಮುಚ್ಚಿ ನಂಬಬೇಕು, ಇಲ್ಲವೇ ಅನುಮಾನ ಪಡಬೇಕು. ಎರಡೂ ಆಟಕ್ಕೆ ಒಳ್ಳೆಯದಲ್ಲ.

ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಅಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಳೆಯುವವನು ಕೊಳಗ ತುಂಬಿ ಸುರಿಯುವಾಗ ಪ್ರತಿ ಕೊಳಗವನ್ನೂ ಎಲ್ಲರಿಗೂ ಕೇಳುವಂತೆ ಕೂಗಿ ಎಣಿಸುತ್ತಿದ್ದ. ಹೊಲದವನೂ ವಾರಕ್ಕೆ ಮಾಡಿದವನೂ ಅಲ್ಲೇ ನಿಂತು ಕೇಳುತ್ತಿದ್ದರು. ಎಣಿಕೆ ತಪ್ಪಿದರೆ ತಪ್ಪಿದ ಕೊಳಗದಲ್ಲೇ ತಡೆಯುತ್ತಿದ್ದರು. ಮನಸ್ಸಿನಲ್ಲೇ ಅಳೆದು ‘ಇಷ್ಟು ಖಂಡುಗ ಆಯ್ತು’ ಎಂದು ಕೊನೆಗೆ ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ, ಅವನು ಎಷ್ಟೇ ಪ್ರಾಮಾಣಿಕನಾಗಿರಲಿ.

ಡೂಪ್ಲಿಕೇಟ್ ಬ್ರಿಜ್‌ನ ನಿಯಮಪುಸ್ತಕವೂ ಹೇಳುವುದು ಇದನ್ನೇ. 2017ರ ಪರಿಷ್ಕರಣೆಯಲ್ಲಿ 68ರಿಂದ 71ರವರೆಗಿನ ನಿಯಮಗಳು ಈ ವಿಷಯಕ್ಕೇ ಮೀಸಲು. ಕ್ಲೈಮ್ ಮಾಡಿದ ಕೂಡಲೇ ಯಾವ ಕ್ರಮದಲ್ಲಿ ಎಲೆ ಇಳಿಸುತ್ತೀರಿ, ಯಾವ ದಾರಿಯಲ್ಲಿ ಟ್ರಿಕ್ ಗಳಿಸುತ್ತೀರಿ ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳದೆ ಇದ್ದು ವಿವಾದ ಎದ್ದರೆ ಪಂದ್ಯದ ತೀರ್ಪುಗಾರರಾದ ಡೈರೆಕ್ಟರ್ ಎರಡೂ ಕಡೆಗೆ ನ್ಯಾಯವಾಗುವಂತೆ ತೀರ್ಮಾನಿಸುತ್ತಾರೆ. ಆದರೆ ಸಂದೇಹ ಉಳಿದ ಅಂಶವೆಲ್ಲ ಕ್ಲೈಮ್ ಮಾಡಿದವರ ವಿರುದ್ಧ ಹೋಗುತ್ತದೆ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಡಿಕ್ಲೇರರ್, ಅಂದರೆ ಬಿಡ್ ಗೆದ್ದ ಜೋಡಿಯಲ್ಲಿ ಎಲೆ ಆಡಿಸುವವರು, ಆಡುತ್ತಿರುವುದು ನಾಲ್ಕು ಸ್ಪೇಡ್, ಅಂದರೆ ಇಸ್ಪೀಟೇ ತುರುಫು, 10 ಟ್ರಿಕ್ ಆಗಬೇಕು. ಎಂಟು ಸುತ್ತು ಮುಗಿದಿವೆ: ಐದು ಗೆದ್ದಿದ್ದಾರೆ, ಮೂರು ಹೋಗಿವೆ. ಉಳಿದ ಐದೂ ಬೇಕು. ಕೈಯಲ್ಲಿ ಇಸ್ಪೀಟು ಎಕ್ಕ ಮತ್ತು ಐದು, ಆಟೀನು ಎಕ್ಕ, ಡೈಮಂಡ್ ಎಕ್ಕ ಮತ್ತು ರಾಜ. ಮೊದಲ ಎಲೆ ಇಳಿಸುವ ಸರದಿಯೂ ಅವರದೇ. ನೋಡಿದ ತಕ್ಷಣ ಐದೂ ಅವರದೇ ಎನ್ನಿಸುತ್ತದೆ. ಆದರೆ ಎಡಗಡೆ ಕೂತವರ ಹತ್ತಿರ ಇಸ್ಪೀಟಿನ ಮೂರು ಒಂದೇ ಒಂದು ಉಳಿದಿದೆ, ಡೈಮಂಡ್ ಒಂದೂ ಇಲ್ಲ. ಡಿಕ್ಲೇರರ್ ಮೊದಲು ಇಸ್ಪೀಟು ಎಕ್ಕ ಆಡಿದರೆ ಆ ಮೂರು ಬಿದ್ದುಹೋಗುತ್ತದೆ, ಐದೂ ಬರುತ್ತವೆ. ಮರೆತು ಡೈಮಂಡ್ ಎಕ್ಕ ಮೊದಲು ಇಳಿಸಿದರೆ ಅದೇ ಮೂರು ಅದನ್ನು ಕಡಿದುಹಾಕುತ್ತದೆ. ಒಂದು ಟ್ರಿಕ್ ಹೋಯಿತು, ಆಟವೂ ಹೋಯಿತು. ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಲ್ಲದಾಗ 420 ಅಂಕ ಬರಬೇಕಿದ್ದಲ್ಲಿ 50 ಅಂಕ ಎದುರಿನವರ ಪಾಲು.

ಈಗ ಡಿಕ್ಲೇರರ್ ‘5’ ಎಂದು ಒತ್ತಿ ಸಾಲನ್ನು ಖಾಲಿ ಬಿಟ್ಟರೆಂದುಕೊಳ್ಳಿ. ಆ ಮೂರು ಉಳಿದಿರುವುದು ಅವರಿಗೆ ಗೊತ್ತಿತ್ತೇ? ಯಾರು ಹೇಳಬೇಕು? ‘ತುರುಫು ಒಂದಿದೆ, ಎಕ್ಕದಿಂದ ತೆಗೆದು ಉಳಿದದ್ದು ನನ್ನದು’ ಎಂದು ನಾಲ್ಕು ಮಾತು ಬರೆದಿದ್ದರೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಬರೆಯದೆ ಇದ್ದದ್ದರಿಂದ ಡೈರೆಕ್ಟರ್ ಮೂರು ಪ್ರಶ್ನೆ ಕೇಳಬೇಕಾಗುತ್ತದೆ: ಹೊರಗಿರುವ ತುರುಫಿನ ಮಾತು ಬಂತೇ? ಅದು ಉಳಿದದ್ದು ಅವರ ಗಮನಕ್ಕೆ ಬಂದಿರಲಾರದು ಎನ್ನಬಹುದೇ? ಸಹಜವಾದ ಯಾವುದಾದರೂ ಆಟದಲ್ಲಿ ಅದಕ್ಕೆ ಟ್ರಿಕ್ ಸಿಗಬಹುದಿತ್ತೇ? ‘ಸಹಜ’ ಎಂಬುದರೊಳಗೆ ಆ ದರ್ಜೆಯ ಆಟಗಾರ ಅಜಾಗರೂಕತೆಯಿಂದ ಆಡಬಹುದಾದ ಆಟವೂ ಸೇರುತ್ತದೆ. ಹಾಗಾಗಿ ಟ್ರಿಕ್ ಎದುರು ಜೋಡಿಗೆ ಹೋಗುತ್ತದೆ. ಕಠಿಣ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹೇಳಲು ಅವಕಾಶವಿದ್ದೂ ಹೇಳದೆ ಇದ್ದವರು ಹೇಳದ್ದರ ಫಲವನ್ನು ಕೇಳಬಾರದು.

ಇಷ್ಟು ಮೇಜಿನ ಮಾತು. ಪರದೆಯ ಮೇಲೆ ಇನ್ನೊಂದು ತೊಡಕಿದೆ, ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಎಡಗಡೆಯವರು ತಮ್ಮ ಕೈಯ ಮೂರನ್ನು ನೋಡಿ ನಿರಾಕರಣೆಯ ಗುಂಡಿ ಒತ್ತುತ್ತಾರೆ. ಆಟ ಮುಂದುವರಿಯುತ್ತದೆ. ಡಿಕ್ಲೇರರ್‌ಗೆ ತಟ್ಟನೆ ಹೊಳೆಯುತ್ತದೆ: ಯಾಕೆ ಬೇಡವೆಂದರು? ಏನೋ ಉಳಿದಿದೆ. ಒಂದು ತುರುಫು ಇರಬೇಕು! ಅವರು ಶಾಂತವಾಗಿ ಇಸ್ಪೀಟು ಎಕ್ಕ ಇಳಿಸುತ್ತಾರೆ, ಮೂರು ಬೀಳುತ್ತದೆ, ಐದೂ ಅವರದಾಗುತ್ತವೆ. ನ್ಯಾಯವಾಗಿ ತಮ್ಮದಾಗಬೇಕಿದ್ದ ಟ್ರಿಕ್ಕನ್ನು ಎಡಗಡೆಯವರು ತಮ್ಮ ನಿರಾಕರಣೆಯಿಂದಲೇ ಕಳೆದುಕೊಂಡರು. ಬೇಡ ಎಂದದ್ದೇ ಸುಳಿವಾಯಿತು.

ಅನ್ಯಾಯ ಇನ್ನೊಂದು ಕಡೆಗೂ ಆಗುತ್ತದೆ. ಕ್ಲೈಮ್ ಮಾಡಿದಾಗ ಡಿಕ್ಲೇರರ್ ಎಲೆಗಳು ಎದುರು ಜೋಡಿಗೆ ಕಂಡುಬಿಟ್ಟಿರುತ್ತವೆ. ಕ್ಲೈಮ್ ಸರಿಯಾಗಿಯೇ ಇದ್ದು, ಅರ್ಥವಾಗದೆಯೋ ಆತುರದಿಂದಲೋ ಅವರು ಬೇಡವೆಂದರೆ, ಅಲ್ಲಿಂದ ಮುಂದೆ ಅವರು ಡಿಕ್ಲೇರರ್ ಕೈಯನ್ನು ಕಣ್ಣೆದುರು ಇಟ್ಟುಕೊಂಡು ಆಡುತ್ತಾರೆ. ಯಾವ ರಾಣಿ ಎಲ್ಲಿದೆ ಎಂದು ಊಹಿಸುವ ಕಷ್ಟ ಅವರಿಗಿಲ್ಲ. ಮೇಜಿನ ಸುತ್ತ ಕೂತು ಆಡುವಾಗ ಈ ಎರಡೂ ಆಗಬಾರದೆಂದೇ ಹಿಂದೆ ಕ್ಲೈಮ್ ಬಂದ ಕೂಡಲೇ ಆಟ ನಿಲ್ಲುತ್ತಿತ್ತು. 2017ರ ನಿಯಮದಲ್ಲಿ ಮುಂದುವರಿಸಲು ದಾರಿ ಕೊಟ್ಟಿದ್ದಾರೆ, ಆದರೆ ಕ್ಲೈಮ್ ಮಾಡದ ಜೋಡಿ ಕೇಳಬೇಕು, ನಾಲ್ವರೂ ಒಪ್ಪಬೇಕು. ಹಾಗೆ ಮುಂದುವರಿಸಿದರೆ ಕ್ಲೈಮ್ ರದ್ದು, ಆಡಿ ಬಂದ ಫಲವೇ ಫಲ. ಒಬ್ಬರು ಬೇಡವೆಂದರೂ ಡೈರೆಕ್ಟರನ್ನು ಕರೆಯಬೇಕು. ಪರದೆಯಲ್ಲಿ ಯಾರೂ ಯಾರನ್ನೂ ಕೇಳದೆ ಆಟ ಮುಂದೆ ಓಡುತ್ತದೆ. ಸೌಕರ್ಯಕ್ಕಾಗಿ ಮಾಡಿದ್ದು, ಗೊತ್ತಿಲ್ಲದವರ ಸ್ನೇಹದಾಟಕ್ಕೆ ಅಷ್ಟು ಸಾಕು. ಪಂದ್ಯಾವಳಿಯಲ್ಲಿ ಸಾಲದು. ಅಲ್ಲಿ ಅನುಮಾನ ಬಂದವರು ನಿರಾಕರಣೆ ಒತ್ತುವ ಮೊದಲು ಡೈರೆಕ್ಟರನ್ನು ಕರೆಯಬೇಕು, ಬಂದು ನೋಡುವ ತನಕ ಎರಡೂ ಗುಂಡಿಯನ್ನು ಮುಟ್ಟದೆ ಕಾಯಬೇಕು. ಅಷ್ಟು ತಾಳ್ಮೆಯನ್ನು ಕಲಿಯದೆ ಪಂದ್ಯಕ್ಕೆ ಕೂರಬಾರದು ಎನ್ನುವಷ್ಟು ನಾನು ಈ ವಿಷಯದಲ್ಲಿ ಹಟಮಾರಿ.

ಎಲ್ಲಕ್ಕೂ ಆಧಾರ ಬಿದ್ದ ಎಲೆಗಳ ನೆನಪು. 52 ಎಲೆಯನ್ನು ನೆನಪಿಡುವುದೇ ದೊಡ್ಡದೆಂದು ಇಂದು ನಾವು ಹೇಳಿಕೊಳ್ಳುತ್ತೇವೆ. ಇಲ್ಲಿಂದ ದೂರವೇನಲ್ಲದ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಛದ್ ಗಂಜೀಫಾ ಎಂಬ ಎಲೆಯಾಟಗಳಲ್ಲಿ 36ರಿಂದ 360 ಎಲೆಗಳವರೆಗಿನ ಕಟ್ಟುಗಳಿದ್ದವು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರ ಇದೆ. ಕೈಯಿಂದ ಬರೆದ ದುಂಡನೆಯ ಎಲೆಗಳು, ಹಲವುಗಳಲ್ಲಿ ದೇವತೆಗಳ ಚಿತ್ರ. ಆ ಚಿತ್ರಗಳನ್ನು ಇಂದು ಕಲೆಯೆಂದು ಗೋಡೆಗೆ ತೂಗುಹಾಕುತ್ತಾರೆ, ಸಂತೋಷವೇ. ಅವುಗಳ ಹಿಂದೆ ಆಡುವವರ ನೆನಪಿನ ಶಕ್ತಿಯೂ ಇತ್ತು ಎಂಬುದನ್ನು ಯಾರಾದರೂ ಹೇಳಬೇಕು.

ಕೇಳುವುದರ ಮಾತಾಯಿತು. ಬಿಟ್ಟುಕೊಡುವುದು ಅದಕ್ಕಿಂತ ಸೂಕ್ಷ್ಮ. ಒಮ್ಮೆ ಭಾವ ಮೂರು ನೋಟ್ರಂಪ್ ಆಡುತ್ತಿದ್ದರು, ಅಂದರೆ ತುರುಫಿಲ್ಲದ ಆಟ, 9 ಟ್ರಿಕ್ ಬೇಕು. ನಾನು ಡಮ್ಮಿ, ಅಂದರೆ ಎಲೆ ಬಿಚ್ಚಿಟ್ಟು ಸುಮ್ಮನೆ ಕೂರುವ ಜೊತೆಗಾರ. ಹನ್ನೊಂದು ಸುತ್ತಿನಲ್ಲಿ ಏಳು ಬಂದಿದ್ದವು. ಡಮ್ಮಿಯಲ್ಲಿ ಉಳಿದದ್ದು ಡೈಮಂಡ್ ಎಕ್ಕ, ಕಳಾವರ್ ಏಳು. ಲೀಡ್ ಡಮ್ಮಿಯದೇ. ಭಾವನ ಲೆಕ್ಕದಲ್ಲಿ ಕಳಾವರ್ ಎಂಟು ಇನ್ನೂ ಹೊರಗಿತ್ತು. ಒಂದು ಕೇಳಿ, ಒಂದು ಬಿಟ್ಟುಕೊಟ್ಟರು. ಆಟ ಒಂದು ಟ್ರಿಕ್ಕಿನಿಂದ ಹೋದಂತೆಯೇ. ನಾನು ಬೆರಳೂರುವ ಮೊದಲೇ ಎದುರು ಜೋಡಿಯ ಬೆಂಗಳೂರಿನ ಹೆಂಗಸೊಬ್ಬರು ಬೇಡವೆಂದು ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು: ‘ಸರ್, ಆ ಕಳಾವರ್ ಏಳು ನಿಮ್ಮದೇ. ಎಂಟು ಆಗಲೇ ಬಿದ್ದಿದೆ.’ ಹಿಂದಿನ ಒಂದು ಸುತ್ತಿನಲ್ಲಿ ಅವರೇ ಆ ಎಂಟನ್ನು ಎಸೆದಿದ್ದರು. ಭಾವ ಎರಡೂ ಕೇಳಿದರು, ಅವರು ಒಪ್ಪಿದರು. ಅವರಿಗೆ ಬರಬಹುದಿದ್ದ 50 ಹೋಗಿ, ನಮಗೆ 400 ಬಂತು. ಮುಂದಿನ ಕೈ ಹಂಚಿಯಾಗಿತ್ತು. ಅವರು ಆ ಬಗ್ಗೆ ಇನ್ನೊಂದು ಮಾತು ಬರೆಯಲಿಲ್ಲ.

ಅದನ್ನು ಔದಾರ್ಯ ಎಂದರೆ ಅವರು ಒಪ್ಪುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ನಿಯಮಪುಸ್ತಕದ 79ನೆಯ ನಿಯಮ ಹೇಳುತ್ತದೆ: ತಮ್ಮ ಕಡೆ ಗೆಲ್ಲದ ಟ್ರಿಕ್ಕಿನ ಅಂಕವನ್ನೂ, ಎದುರಿನವರು ಸೋಲಲು ಸಾಧ್ಯವೇ ಇಲ್ಲದ ಟ್ರಿಕ್ಕನ್ನು ಅವರೇ ಬಿಟ್ಟುಕೊಟ್ಟರೂ, ಗೊತ್ತಿದ್ದು ಸ್ವೀಕರಿಸಕೂಡದು. ಆ ಕೈಯಲ್ಲಿ ಎಕ್ಕ ಮೊದಲು ಆಡಿದರೂ ಏಳು ಮೊದಲು ಆಡಿದರೂ ಎರಡೂ ಟ್ರಿಕ್ ಭಾವನದೇ. ಕಳೆಯಲು ದಾರಿಯೇ ಇಲ್ಲದ್ದನ್ನು ಕಳೆದುಕೊಂಡೆ ಎಂದು ಒಬ್ಬರು ಹೇಳಿದ ಮಾತ್ರಕ್ಕೆ ಅದು ಇನ್ನೊಬ್ಬರದಾಗುವುದಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡರೆ ತಪ್ಪೇನು ಎನ್ನುವವರಿಗೆ ನನ್ನ ಉತ್ತರ ಅಷ್ಟೇ. ಅವರು ಕೊಡಲಿಲ್ಲ, ಎಣಿಕೆ ತಪ್ಪಿದರು. ತಪ್ಪೆಣಿಕೆಯನ್ನು ಕಂಡವರು ಹೇಳಬೇಕು. ಮೇಜಿನಲ್ಲಿ ಮುಖ ನೋಡಿ ಹೇಳುವುದಕ್ಕಿಂತ ಪರದೆಯಲ್ಲಿ ಸುಮ್ಮನಿರುವುದು ಸುಲಭ. ಹಾಗಾಗಿಯೇ ಪರದೆಯಲ್ಲಿ ಹೇಳಿದವರ ಮೇಲೆ ನನಗೆ ಗೌರವ ಹೆಚ್ಚು.

ಬಿಟ್ಟುಕೊಡುವವರು ಜೋಡಿಯಲ್ಲಿದ್ದಾರೆ ಎಂಬುದನ್ನೂ ಮರೆಯುವಂತಿಲ್ಲ. ಡಿಕ್ಲೇರರ್ ಎದುರು ಆಡುವ ಇಬ್ಬರಲ್ಲಿ ಒಬ್ಬರು ಬೇಸತ್ತು ‘ಉಳಿದದ್ದು ನಿಮಗೇ’ ಎಂದಾಗ, ಅವರ ಜೊತೆಗಾರರು ತಕ್ಷಣ ಬೇಡವೆಂದರೆ ಬಿಟ್ಟುಕೊಟ್ಟದ್ದು ನಡೆದೇ ಇಲ್ಲ ಎಂದು ನಿಯಮ. ಜೊತೆಗಾರರ ಕೈಯಲ್ಲಿ ತುರುಫಿನ ರಾಣಿ ಇದ್ದರೆ? ನನಗೆ ಕಾಣದ್ದು ಅವರಿಗೆ ಕಂಡಿರಬಹುದು. ಹೀಗೆ ಎಷ್ಟೋ ಜನ ಜೊತೆಗಾರರನ್ನು ಕೇಳದೆ ಸೋಲೊಪ್ಪುವುದನ್ನು ನೋಡಿದ್ದೇನೆ. ಸೋಲನ್ನು ಒಪ್ಪಿಕೊಳ್ಳುವ ದೊಡ್ಡತನ ಒಳ್ಳೆಯದೇ, ಆದರೆ ಇಬ್ಬರ ಆಸ್ತಿಯನ್ನು ಒಬ್ಬರೇ ಬರೆದುಕೊಡಲು ಬರುವುದಿಲ್ಲ.

ಇಷ್ಟೆಲ್ಲ ರಗಳೆ ಏಕೆ, ಹದಿಮೂರೂ ಸುತ್ತು ಆಡಿಬಿಡಬಾರದೇ ಎನ್ನುವವರೂ ಇದ್ದಾರೆ. ಟ್ರಿಕ್ಕೆಲ್ಲ ಖಂಡಿತ ತನ್ನದೆಂದು ಗೊತ್ತಿದ್ದೂ ಎದುರಿನವರನ್ನು ಕಸಿವಿಸಿಗೊಳಿಸಲು ಆಟ ಎಳೆಯುವುದನ್ನು 74ನೆಯ ನಿಯಮ ಅಸಭ್ಯತೆಯ ಪಟ್ಟಿಗೇ ಸೇರಿಸಿದೆ. ಪರದೆಯ ಆ ಕಡೆ ಮೂವರು ಒಂದೊಂದೇ ಎಲೆಗೆ ಕಾಯುತ್ತಿರುತ್ತಾರೆ. ಇಲ್ಲಿ ನಮ್ಮೂರಲ್ಲಂತೂ ಸಂಜೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಗಾಳಿಮಳೆಯ ದಿನ ಒಂದು ಕೈಯನ್ನು ಎರಡು ನಿಮಿಷ ಬೇಗ ಮುಗಿಸಿದರೆ ಇನ್ನೊಂದು ಕೈ ಆಡಲು ಸಿಗುತ್ತದೆ. ನಡುವೆ ತಂತಿ ಕಡಿದರೆ ಮೂವರಿಗೂ ನಷ್ಟ.

ಇಸ್ಪೀಟು ಎಂದರೆ ನಮ್ಮ ಕಡೆ ಇನ್ನೂ ಮೂಗು ಮುರಿಯುತ್ತಾರೆ. ಪತ್ರಿಕೆಯಲ್ಲಿ ಆ ಹೆಸರು ಬರುವುದು ಜೂಜಿನ ಅಡ್ಡೆಯ ಮೇಲಿನ ದಾಳಿಯ ಸುದ್ದಿಯಲ್ಲೇ. ಆ ಮುನಿಸು ನನಗೆ ಅರ್ಥವಾಗುತ್ತದೆ. ಇಸ್ಪೀಟಿನಲ್ಲಿ ಹೊಲ ಕಳೆದುಕೊಂಡ ಮನೆಗಳು ಪ್ರತಿ ಹೋಬಳಿಯಲ್ಲೂ ಇವೆ. ಆದರೆ 1967ರಲ್ಲೇ ಸುಪ್ರೀಂ ಕೋರ್ಟು ರಮ್ಮಿಯನ್ನು ಕೌಶಲದ ಆಟ ಎನ್ನುವಾಗ, ಅದರಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದ್ದು ಎಂದು ಬ್ರಿಜ್ಜನ್ನೇ ಅಳತೆಯಾಗಿ ಇಟ್ಟುಕೊಂಡಿತ್ತು. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದರು, ಬರ್ಧನ್ ಅವರಿಗೆ ಆಗ 60 ವರ್ಷ. ಊರಿನ ಹುಡುಗರಿಗೆ ನಾನು ಬ್ರಿಜ್ ಹೇಳಿಕೊಡುವಾಗ ಈ ಎರಡನ್ನೂ ಹೇಳುತ್ತೇನೆ. ಆದರೆ ಅವರ ತಂದೆತಾಯಿಗಳ ಮನಸ್ಸು ಬದಲಾಗುವುದು ಇವುಗಳಿಂದಲ್ಲ. ಒಬ್ಬ ಹುಡುಗ ಎಲೆ ಬಿಚ್ಚಿಟ್ಟು, ‘ಇದು ನನ್ನದು, ಇದು ನಿಮ್ಮದು, ಯಾಕೆಂದರೆ...’ ಎಂದು ಕಾರಣ ಹೇಳುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ ಅವರ ಮುಖ ಸಡಿಲವಾಗುತ್ತದೆ. ಆದ್ದರಿಂದ ಹುಡುಗರಿಗೆ ಬಿಡ್ಡಿಂಗಿಗಿಂತ ಮೊದಲು ಕ್ಲೈಮ್ ಮಾಡುವುದನ್ನೇ ಕಲಿಸುತ್ತೇನೆ. ಕೊನೆಯ ನಾಲ್ಕು ಎಲೆ ಹಂಚಿ, ಆಡದೆ, ಬಾಯಲ್ಲೇ ಆಟ ಮುಗಿಸಬೇಕು. ಎದುರಿನವನು ‘ಯಾಕೆ?’ ಎಂದು ಕೇಳಲೇಬೇಕು.

ಭಾವ ಇದನ್ನು ಪೂರ್ತಿ ಒಪ್ಪುವುದಿಲ್ಲ. ‘ಮೂರು ಸುತ್ತಿಗಿಂತ ಹೆಚ್ಚು ಉಳಿದಿದ್ರೆ ಕ್ಲೈಮ್ ಮಾಡ್ಬೇಡ ಕಣಪ್ಪ, ಗೊತ್ತಿಲ್ಲದವರು ಓದೋದೇ ಇಲ್ಲ, ಬೇಡ ಅಂತಾರೆ, ನಿನ್ನ ಎಲೆ ಎಲ್ಲ ಕಾಣ್ಸಿಬಿಟ್ಟಿರ್ತೀಯ’ ಎಂಬುದು ಅವರ ವಾದ. ಅದರಲ್ಲಿ ಸತ್ಯ ಇದೆ. ಓದದೆ ಬೇಡವೆನ್ನುವವರು ನನಗೂ ಸಿಕ್ಕಿದ್ದಾರೆ. ‘ಓದ್ಲಿ ಬಿಡ್ಲಿ ಭಾವ, ನಾವು ಬರೆದಿರ್ಬೇಕು’ ಎನ್ನುತ್ತೇನೆ. ಅವರ ಸರದಿ ಬಂದಾಗ ಅವರು ಹತ್ತನೆಯ ಸುತ್ತಿನವರೆಗೂ ಆಡುತ್ತಾರೆ. ನನ್ನ ಸರದಿಯಲ್ಲಿ ನಾನು ಏಳನೆಯ ಸುತ್ತಿಗೇ ಕಂಡರೂ ಸಾಲು ಬರೆದು ಗುಂಡಿ ಒತ್ತುತ್ತೇನೆ.